ಬಗ್ಗದೆ ಹೋಗುವ ಕೋಳಿಮನೆ

ಸಾದಲಿ,
ಶಿವರಾತ್ರಿಯ ಹಿಂದಿನ ದಿನ, ಭಾನುವಾರ
12-2-1961

ಯಜಮಾನರ ಪಾದಗಳಿಗೆ ಕದಿರಮ್ಮ ಮಾಡುವ ನಮಸ್ಕಾರಗಳು.

ಈ ಕಡೆ ಎಲ್ಲ ಕ್ಷೇಮ ಅಂತ ಮೊದಲ ಸಾಲು ಬರೆದು ಹೊಡೆದುಹಾಕಿದ್ದೇನೆ. ಮೇಲೆ ಕಾಣುವ ಮಸಿ ಅದೇ. ಕ್ಷೇಮವಿಲ್ಲದಾಗ ಇದೆ ಅಂತ ಹೇಗೆ ಬರೆಯಲಿ? ನಿಮ್ಮ ಮೇಲೆ ನನಗೆ ಕೆಟ್ಟ ಕೋಪ ಬಂದಿದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಎಲ್ಲಾದರೂ ಮಾತು ಜೋರಾದರೆ ಬೇಜಾರು ಮಾಡಿಕೊಳ್ಳಬೇಡಿ.

ಮಂಗಳವಾರ ನಾನು ಚಿಕ್ಕಬಳ್ಳಾಪುರಕ್ಕೆ ಹೋಗಿದ್ದಾಗ ನೀವು ಊರಿಗೆ ಬಂದಿರಿ. ಹಿತ್ತಲಲ್ಲಿ ಹೊಸದಾಗಿ ಎದ್ದು ನಿಂತಿರುವುದನ್ನು ನೋಡಿದಿರಿ. ನಾನು ಬರುವವರೆಗೆ ಕಾಯಲಿಲ್ಲ, ಒಂದು ಲೋಟ ನೀರೂ ಮುಟ್ಟಲಿಲ್ಲ, ಹೊರಟುಹೋದಿರಿ. ನಿಮ್ಮನ್ನು ಮನೆಯಿಂದಾಚೆ ಹಾಕಿ ಅದರೊಳಗೆ ಇರಿಸಲು ನಾನೇ ನಿಂತು ಅದನ್ನು ಕಟ್ಟಿಸಿದ್ದೇನೆ ಅಂತ ನಂಬಿಕೊಂಡು ಹೋದಿರಿ. ಅದು ಕೋಳಿಮನೆ ಕಣ್ರೀ. ಕೋಳಿ ಸಾಕುವುದಕ್ಕೆ ಕಟ್ಟಿಸಿದ್ದು. ಮನೆದೇವರ ಆಣೆಗೂ ಬೇರೆ ಏನೂ ನನ್ನ ಮನಸ್ಸಿನಲ್ಲಿರಲಿಲ್ಲ.

ನೀವು ಮುರುಗಮಲ್ಲಕ್ಕೆ ವಾಪಸು ಹೋಗಿಲ್ಲ ಅಂತ ನಿಮ್ಮ ತಂಗಿ ಅನಸೂಯಮ್ಮ ಬಸ್ಸಿನವನ ಕೈಲಿ ಹೇಳಿಕಳಿಸಿದ್ದಾಳೆ. ನನ್ನ ಅಣ್ಣ ಚಿಂತಾಮಣಿ ಪೂರ್ತಿ ಸುತ್ತಿ ಬಂದ. ಗೌರಿಬಿದನೂರು ಸ್ಟೇಷನ್ನಿನಲ್ಲಿ ಊರುಗೋಲಿನವರೊಬ್ಬರು ಬೆಂಚಿನ ಮೇಲೆ ಕೂತಿದ್ದರು ಅಂತ ನಮ್ಮೂರ ಬಟ್ಟೆ ವ್ಯಾಪಾರಿ ಹೇಳಿದರು. ಅಣ್ಣ ಅಲ್ಲಿಗೂ ಓಡಿದ. ಯಾರೂ ಇರಲಿಲ್ಲ. ನಿಮ್ಮ ಟ್ರಂಕು ಅನಸೂಯಮ್ಮನ ಮನೆಯಲ್ಲೇ ಇದೆಯಂತೆ. ಬಟ್ಟೆಗಾದರೂ ಒಂದು ದಿನ ಅಲ್ಲಿಗೆ ಹೋಗೇ ಹೋಗುತ್ತೀರಿ ಅಂತ ಈ ಕಾಗದವನ್ನು ಅವಳಿಗೆ ಕಳಿಸುತ್ತಿದ್ದೇನೆ. ನಿಮ್ಮ ಕೈಗೇ ಕೊಡುತ್ತಾಳೆ. ಪೂರ್ತಿ ಓದಿ. ನಾಲ್ಕನೇ ಕ್ಲಾಸಿನ ಅಕ್ಷರ, ಸೊಟ್ಟಗಿದೆ ಅಂತ ಅರ್ಧಕ್ಕೆ ಮಡಿಚಿಡಬೇಡಿ.

ಆ ಕೋಳಿಮನೆ ಹೇಗೆ ಹುಟ್ಟಿತು ಅಂತ ಹೇಳುತ್ತೇನೆ. ಗೊಬ್ಬರದ ಗಾಡಿ ಮಗುಚಿ, ಗಾಯ ಕೊಳೆತು, ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ನಿಮ್ಮ ಕಾಲು ತೆಗೆದ ಮೇಲೆ ಊರಿಗೆ ಬಂದೆವಲ್ಲ, ಆಗ ನನಗೊಂದು ವಿಷಯ ಕಂಡಿತು. ನಮ್ಮ ಕೆಲಸಗಳೆಲ್ಲ ಕುಕ್ಕರುಗಾಲಿನಲ್ಲಿ ಕೂತು ಮಾಡುವ ಕೆಲಸಗಳು. ಕಳೆ ಕೀಳುವುದು, ಹಸು ಕರೆಯುವುದು, ಸೊಪ್ಪು ಹೆಚ್ಚುವುದು, ರೇಷ್ಮೆಹುಳುವಿನ ಹಿಕ್ಕೆ ತೆಗೆಯುವುದು, ಯಾವುದನ್ನು ನೋಡಿದರೂ ಬಗ್ಗಬೇಕು, ಇಲ್ಲ ಕೂರಬೇಕು. ನಿಮಗೆ ಎರಡೂ ಆಗುತ್ತಿರಲಿಲ್ಲ. ಕೂತರೆ ಏಳಿಸಲು ಇನ್ನೊಬ್ಬರು ಬೇಕಾಗಿತ್ತು. ಆದರೂ ಸುಮ್ಮನಿರಲಾರದೆ ರೇಷ್ಮೆಹುಳುವಿಗೆ ಸೊಪ್ಪು ಹಾಕಲು ಹೋದಿರಿ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತಿನಲ್ಲಿ ಊರುಗೋಲು ಜಾರಿ, ಸ್ಟ್ಯಾಂಡಿನ ಮೇಲೆ ಬಿದ್ದು, ಹುಳುವಿನ ತಟ್ಟೆಗಳೆಲ್ಲ ನೆಲಕ್ಕೆ ಬಂದವು. ಆವತ್ತು ನಿಮ್ಮಣ್ಣ ಆವುಲಪ್ಪ ಭಾವ ಅಂದ ಮಾತನ್ನು ನಾನು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತಿದೆ. ಮಾರನೆಯ ದಿನವೇ ನೀವು ಹವಾ ಬದಲಾವಣೆ ಅಂತ ಮುರುಗಮಲ್ಲಕ್ಕೆ ಹೋದಿರಿ. ಹವಾ ಅಲ್ಲ, ಏನು ಅಂತ ನನಗೆ ಗೊತ್ತಿಲ್ಲವೇ?

ನೀವು ಹೋದ ಮೇಲೆ ನನಗೆ ಒಂದೇ ಯೋಚನೆ. ನಿಂತುಕೊಂಡು ಮಾಡುವ ಕೆಲಸ ಯಾವುದಿದೆ? ಅದು ಸಿಕ್ಕಿದರೆ ನೀವು ಬರುತ್ತೀರಿ, ಇಲ್ಲದಿದ್ದರೆ ಬರುವುದಿಲ್ಲ. ಯಾರ ಹಂಗಿನಲ್ಲೂ ಕೂತು ಉಣ್ಣುವ ಜೀವ ನಿಮ್ಮದಲ್ಲ.

ಆಗ ಊರಿಗೆ ಗ್ರಾಮಸೇವಕಿ ಕನಕಲಕ್ಷ್ಮಿ ಬಂದರು. ಮೊಟ್ಟೆಯ ವಾಸನೆ ಬಂದರೆ ಮೂಗಿಗೆ ಸೆರಗು ಹಿಡಿಯುವ ಮನೆಯ ಹೆಣ್ಣುಮಗಳು, ಆದರೂ ಕೋಳಿಯ ಬಗ್ಗೆ ಕೂತು ಪಾಠ ಹೇಳುವ ಚಂದ ನೋಡಬೇಕಾಗಿತ್ತು ನೀವು! ಸರ್ಕಾರದಿಂದ ಬಿಳಿ ಕೋಳಿ ಕೊಡುತ್ತಾರಂತೆ. ಅವು ನಮ್ಮ ನಾಟಿ ಕೋಳಿಯ ಹಾಗೆ ಕಾವು ಕೂರುವುದಿಲ್ಲ, ಮೊಟ್ಟೆ ಇಡುವುದೇ ಕೆಲಸ. ಬಯಲಿಗೆ ಬಿಡಬಾರದು, ಗಾಳಿ ಬೆಳಕಿರುವ ಮನೆಯಲ್ಲಿಟ್ಟು ಸಾಕಬೇಕು. “ನೀವು ಕಟ್ಟೋ ಥರ ಮೊಣಕಾಲುದ್ದ ಗೂಡು ಆಗಲ್ಲಮ್ಮ. ಮನುಷ್ಯರು ಒಳಗೆ ಹೋಗಿ ಗುಡಿಸೋ ಹಾಗಿರಬೇಕು” ಅಂದರು. ನಿಂತುಕೊಂಡು ಗುಡಿಸುವುದು, ನಿಂತುಕೊಂಡು ಮೊಟ್ಟೆ ತೆಗೆಯುವುದು, ನಿಂತುಕೊಂಡು ಕಾಳು ಹಾಕುವುದು. ಇದು ನಿಮ್ಮ ಕೆಲಸವೇ ಅಂತ ಆವತ್ತೇ ಗೊತ್ತು ಮಾಡಿಕೊಂಡೆ.

ಆದರೆ ಅವರು ತೋರಿಸಿದ ಚಿತ್ರ ಎರಡು ಕಾಲಿನವರಿಗೆ ಬರೆದದ್ದು. ಒಂದು ಕಾಲಿನವರಿಗೆ ಹೇಗೆ ಕಟ್ಟುವುದು ಅಂತ ಯಾರನ್ನು ಕೇಳಲಿ? ಕಾಗದ ಬರೆದು ನಿಮ್ಮನ್ನೇ ಕೇಳಬಹುದಿತ್ತು. ಕೇಳಿದರೆ ಬೇಡ ಅನ್ನುತ್ತಿದ್ದಿರಿ. ಕಟ್ಟಿ ಮುಗಿಸಿ, ಕೋಳಿ ತಂದು ಬಿಟ್ಟು, ಆಮೇಲೆ ಕರೆಸೋಣ ಅಂತ ಬಾಯಿ ಬಿಗಿಹಿಡಿದೆ. ಒಂದು ಮಧ್ಯಾಹ್ನ ಹಿತ್ತಲಿಗೆ ಹೋಗಿ, ನನ್ನ ಬಲಗಾಲನ್ನು ಮಡಿಚಿ ಹಳೆ ಸೀರೆಯಲ್ಲಿ ತೊಡೆಗೆ ಬಿಗಿದು ಕಟ್ಟಿಕೊಂಡೆ. ಒನಕೆಯನ್ನು ಕಂಕುಳಿಗೆ ಕೊಟ್ಟು ಎದ್ದು ನಿಂತೆ. ನಿಂತೆ ಅಂತ ಬರೆದೆನಲ್ಲ, ಮೊದಲು ದಬಕ್ಕನೆ ಬಿದ್ದೆ. ಬೇಲಿಯಾಚೆಯಿಂದ ನೋಡುತ್ತಿದ್ದವರು ನಕ್ಕರು. ಅತ್ತೆ ಬಂದು, “ಏಮೇ, ಹುಚ್ಚು ಗಿಚ್ಚು ಹಿಡೀತೇನೇ ನಿಂಗೆ?” ಅಂದರು. ನನಗೆ ನಗುವೂ ಬಂತು, ಆಮೇಲೆ ಅಳುವೂ ಬಂತು. ಅಷ್ಟು ದಿನ ನಿಮ್ಮ ಪಕ್ಕದಲ್ಲೇ ಇದ್ದರೂ ನಿಮ್ಮ ಕಷ್ಟ ಇಷ್ಟು ಅಂತ ನನಗೆ ಗೊತ್ತಿರಲಿಲ್ಲ. ಒಂದು ಕೈ ಊರುಗೋಲಿಗೇ ಹೋಗಿಬಿಡುತ್ತದೆ, ಉಳಿದದ್ದು ಒಂದೇ ಕೈ.

ಆಮೇಲಿಂದ ದಿನಾ ಹಾಗೆ ಕಟ್ಟಿಕೊಂಡು ಓಡಾಡಿ, ಎಲ್ಲಿ ಏನಿರಬೇಕು ಅಂತ ಮನೆಯ ಹಿಂದಿನ ಗೋಡೆಗೆ ಇದ್ದಿಲಿನಲ್ಲಿ ಗೀಟು ಹಾಕಿದೆ. ಬಾಗಿಲು ಆಳೆತ್ತರ ಇಡಿಸಿದ್ದು ನೀವು ತಲೆ ಬಗ್ಗಿಸಿದರೆ ತೂಕ ತಪ್ಪುತ್ತದೆ ಅಂತ. ಬಾಗಿಲು ಆಚೆಗೆ ತೆಗೆಯುವ ಹಾಗೆ ಮಾಡಿಸಿದ್ದು, ಒಳಕ್ಕೆ ತಳ್ಳುವಾಗ ನಾನೇ ಎರಡು ಸಲ ಮುಗ್ಗರಿಸಿದ್ದಕ್ಕೆ. ಮೊಟ್ಟೆಯ ಪೆಟ್ಟಿಗೆಗಳು ನೆಲದ ಮೇಲಿಲ್ಲ, ಸೊಂಟದ ಮಟ್ಟಕ್ಕೆ ಗೋಡೆಯಲ್ಲಿವೆ. ಒಳಗಡೆ ಉದ್ದಕ್ಕೂ ಒಂದು ಗಳು ಹೊಡೆಸಿದ್ದೇನೆ, ಅದು ಕೋಳಿ ಕೂರುವುದಕ್ಕಲ್ಲ, ನೀವು ಹಿಡಿದುಕೊಳ್ಳುವುದಕ್ಕೆ. ನೆಲ ಸಾರಿಸಿದರೆ ಊರುಗೋಲು ಜಾರುತ್ತದೆ ಅಂತ ಗರಸು ಮಣ್ಣು ಹಾಕಿ ಬಡಿಸಿದೆ. ಒಂದು ಮೂಲೆಯಲ್ಲಿ ಕಲ್ಲಿನ ಜಗಲಿ ಇದೆಯಲ್ಲ, ನೋಡಿದಿರಲ್ಲ, ಅದು ಮಲಗುವುದಕ್ಕಲ್ಲ ಸ್ವಾಮಿ. ಕಾಳು ಹಾಕಿ ಸುಸ್ತಾದರೆ ಆನಿಕೊಳ್ಳಲಿ, ಸಲೀಸಾಗಿ ಏಳಲಿ ಅಂತ ಎತ್ತರ ಮಾಡಿ ಕಟ್ಟಿಸಿದ್ದು. ಅದರ ಮೇಲೆ ಯಾರಾದರೂ ಮಲಗಿದರೆ ಉರುಳಿ ಬೀಳುತ್ತಾರೆ, ಅಷ್ಟು ಕಿರಿದು.

ಹೊಸ್ತಿಲಿನ ವಿಷಯಕ್ಕೆ ಬಡಗಿ ಮುನಿಶಾಮಪ್ಪನ ಹತ್ತಿರ ಜಗಳವೇ ಆಯಿತು. ಹೊಸ್ತಿಲಿಲ್ಲದ ಬಾಗಿಲು ನಾನು ಕೂರಿಸುವುದಿಲ್ಲ ಅಂತ ಉಳಿ ಕೆಳಗಿಟ್ಟ. “ಯಾರ ಮನೇಲಾದ್ರೂ ಉಂಟೇನಮ್ಮ? ಅಶುಭ ಕಣಮ್ಮ. ನಾಳೆ ಏನಾದ್ರೂ ಆದ್ರೆ ಮುನಿಶಾಮಪ್ಪನ್ನ ಅಂತೀರಿ” ಅಂದ. ಊರುಗೋಲಿಗೆ ಹೊಸ್ತಿಲು ತಗಲುತ್ತದಪ್ಪಾ ಅಂದೆ. ಕೋಳಿಗೆ ಊರುಗೋಲು ಎಲ್ಲಿಂದ ಬಂತು ಅಂತ ಕೇಳಿದ. ಹೇಳಿದೆ. ಉಳಿ ತೆಗೆದುಕೊಂಡು ಕೆಲಸ ಮಾಡಿದ. ಕೇಳಬೇಕಾದರೆ ಅವನನ್ನು ಕೇಳಿ.

ಚಿಲಕ ಹೊರಗಡೆ ಇದೆ. ಅದನ್ನು ನೋಡಿ ನಿಮಗೆ ಹೊಟ್ಟೆ ಉರಿದಿರಬೇಕು. ಆದರೆ ಯೋಚನೆ ಮಾಡಿ, ಕೋಳಿ ಒಳಗಿನಿಂದ ಚಿಲಕ ಹಾಕಿಕೊಳ್ಳುತ್ತದೆಯೇ? ಕಾಡುಬೆಕ್ಕು, ಮುಂಗುಸಿ ನುಗ್ಗಬಾರದು ಅಂತ ಹೊರಗಿಟ್ಟದ್ದು. ನಿಮ್ಮ ಮೊಣಕೈ ಮಟ್ಟಕ್ಕೆ ಇದೆ, ಒಂದೇ ಕೈಯಲ್ಲಿ ಹಾಕಬಹುದು.

ಇನ್ನು ಪಾಯದ ಮಾತು. ಇಲ್ಲೇ ನಾನು ಕುರುಡಿಯಾಗಿಬಿಟ್ಟೆ. ಹುಣಸೆಮರದ ಹಿಂದೆ ಗಿಡಗಂಟಿ ತೆಗೆಸಿದಾಗ ಯಾವುದೋ ಕಾಲದ ಪಾಯದ ಕಲ್ಲು ಸಿಕ್ಕಿತು. ಚೌಕಾಕಾರ, ಗಟ್ಟಿ. ಅರ್ಧ ಕೆಲಸ ಉಳಿಯಿತು ಅಂತ ಕುಣಿದಾಡಿದೆ. ಅದೇ ಹೊತ್ತಿಗೆ ಆವುಲಪ್ಪ ಭಾವ ಬಂದು ನಿಂತು ನೋಡಿದರು. ಬೈಯುತ್ತಾರೆ ಅಂತ ಸೆರಗು ಹೊದ್ದು ಸರಿದು ನಿಂತೆ. ಬೈಯಲಿಲ್ಲ. “ಇಲ್ಲೇ ಕಟ್ಟಮ್ಮ, ಒಳ್ಳೇ ಜಾಗ” ಅಂದರು. ಮಾರನೆಯ ದಿನ ಹಳೆ ಕೊಟ್ಟಿಗೆಯ ಹೆಂಚು, ತೊಲೆ ಎಲ್ಲ ತಾವೇ ಇಳಿಸಿ ಕೊಟ್ಟರು. ಒಂದು ಹಿಡಿ ಸೊಪ್ಪಿಗೂ ಲೆಕ್ಕ ಕೇಳುವ ಮನುಷ್ಯ, ತಮ್ಮನ ಮೇಲೆ ಈಗಲಾದರೂ ಕರುಳು ಕಲಕಿತಲ್ಲ ಅಂತ ಆವತ್ತು ದೇವರ ಮುಂದೆ ದೀಪ ಹಚ್ಚಿದೆ. ನನ್ನ ದಡ್ಡತನಕ್ಕೆ ಏನು ಹೇಳಲಿ.

ಆ ಪಾಯ ಯಾವುದು ಅಂತ ನನಗೆ ಯಾರೂ ಹೇಳಿರಲಿಲ್ಲ. ನಿಮ್ಮ ಚಿಕ್ಕಪ್ಪನಿಗೆ ದೊಡ್ಡ ರೋಗ, ಅದೇ ಕುಷ್ಠ, ಬಂದಿತ್ತು, ಹಿತ್ತಲಲ್ಲಿ ಇಟ್ಟಿದ್ದರು ಅಂತ ಒಂದು ಸಲ ಕೇಳಿದ್ದೆ. ಆ ಗುಡಿಸಲು ನಾನು ಈ ಮನೆಗೆ ಬರುವ ಹೊತ್ತಿಗೆ ಇರಲಿಲ್ಲ, ಅದರ ಪಾಯವೇ ಇದು ಅಂತ ಈಗ ಗೊತ್ತಾಯಿತು. ಚಿಕ್ಕವರಿದ್ದಾಗ ನೀವೇ ಅವರಿಗೆ ಅನ್ನ ತೆಗೆದುಕೊಂಡು ಹೋಗಿ ಇಟ್ಟು ಓಡಿಬರುತ್ತಿದ್ದಿರಂತೆ, ಅವರು ಒಳಗಿನಿಂದ ನಿಮ್ಮ ಹೆಸರು ಹಿಡಿದು ಕೂಗುತ್ತಿದ್ದರಂತೆ. ಇಷ್ಟು ವರ್ಷದ ಸಂಸಾರದಲ್ಲಿ ಒಂದು ದಿನವೂ ನೀವು ನನಗೆ ಅದನ್ನು ಹೇಳಲಿಲ್ಲ. ಹೇಳಿದ್ದರೆ ಆ ಜಾಗದಲ್ಲಿ ಒಂದು ಕಲ್ಲಿನ ಮೇಲೆ ಕಲ್ಲು ಇಡುತ್ತಿರಲಿಲ್ಲ ನಾನು.

ಮಂಗಳವಾರ ಬೆಳಿಗ್ಗೆ ಬಿಳಿ ಕೋಳಿ ತರಲು ಕನಕಲಕ್ಷ್ಮಿಯವರ ಜೊತೆ ಚಿಕ್ಕಬಳ್ಳಾಪುರಕ್ಕೆ ಹೋದೆ. ಒಂದೇ ಒಂದು ದಿನ ತಡವಾಗಿ ಬಂದಿದ್ದರೆ ನೀವು ಕೋಳಿಗಳನ್ನು ನೋಡುತ್ತಿದ್ದಿರಿ. ಬರುವ ಸುದ್ದಿ ಯಾಕೆ ಮುಂಚೆ ತಿಳಿಸಲಿಲ್ಲ? ಬಸ್ಸಿನಲ್ಲಿ ಕೋಳಿ ತುಂಬಿದ ಮಂಕರಿ ಬುಟ್ಟಿಯನ್ನು ಕಾಲಿನ ನಡುವೆ ಇಟ್ಟುಕೊಂಡು, ಪಕ್ಕದವರ ಕೈಲಿ ಬೈಸಿಕೊಳ್ಳುತ್ತಾ, ನಾಳೆಯೇ ನಿಮಗೆ ಕಾಗದ ಹಾಕಬೇಕು ಅಂತ ಒಳಗೊಳಗೇ ನಗುತ್ತಾ ಬಂದೆ. ಮನೆಯ ಮುಂದೆ ಅತ್ತೆ ತಲೆಗೆ ಕೈ ಹೊತ್ತು ಕೂತಿದ್ದರು. “ನರಸಿಂಹಪ್ಪ ಬಂದಿದ್ದ ಕಣೇ. ಹೊರಟೋದ” ಅಂದರು.

ನಡೆದದ್ದನ್ನು ಅತ್ತೆಯೇ ಹೇಳಿದರು. ನೀವು ಹಿತ್ತಲಿಗೆ ಹೋಗಿ, ಇದೇನಣ್ಣ ಅಂತ ಕೇಳಿದಿರಂತೆ. “ನಿಂಗೇ ಕಣೋ. ಹುಳ ಇರೋ ಮನೇಲಿ ನೀನು ಬೇಡ ಅಂತ ನಿನ್ ಹೆಂಡ್ತಿ ನಿಂತು ಕಟ್ಸವ್ಳೆ. ಇನ್ಮೇಲೆ ಊಟ ಇಲ್ಲಿಗೇ ಬರ್ತದೆ” ಅಂತ ಭಾವ ಹೇಳಿದರಂತೆ. ಕೋಳಿಯ ಹೆಸರೇ ಎತ್ತಲಿಲ್ಲವಂತೆ. ನೀವು ಒಳಗೆ ಹೋಗಿ ಆ ಜಗಲಿಗೆ ಆನಿಕೊಂಡು ಸ್ವಲ್ಪ ಹೊತ್ತು ಇದ್ದು ಆಚೆ ಬಂದಿರಂತೆ. “ಚಿಕ್ಕಪ್ಪಂಗೆ ಕಿಟಕಿ ಇರ್ಲಿಲ್ಲ ಕಣಮ್ಮ. ನಂಗೆ ಕಿಟಕಿ ಇಟ್ಟವ್ಳೆ, ಪುಣ್ಯಾತ್ಗಿತ್ತಿ” ಅಂದಿರಂತೆ. ಗಾಳಿ ಬೇಕು, ಇಲ್ಲದಿದ್ದರೆ ಕೋಳಿಗೆ ರೋಗ ಬರುತ್ತದೆ ಅಂತ ಇಡಿಸಿದ ಕಿಟಕಿ ಅದು.

ಮಂಕರಿಯನ್ನು ಅಲ್ಲೇ ಇಳಿಸಿ ಭಾವನ ಮುಂದೆ ಹೋಗಿ ನಿಂತೆ. ಮದುವೆಯಾಗಿ ಬಂದಾಗಿನಿಂದ ಅವರ ಎದುರಿಗೆ ತಲೆ ಎತ್ತಿ ಮಾತಾಡಿದವಳಲ್ಲ, ಆವತ್ತು ಎತ್ತಿದೆ. ಸುಳ್ಳು ಯಾಕೆ ಹೇಳಿದಿರಿ ಅಂತ ಕೇಳಿದೆ. ಅವರು ಎಲೆಗೆ ಸುಣ್ಣ ಹಚ್ಚುತ್ತಾ, ಕೋಪವೂ ಇಲ್ಲದೆ ಹೇಳಿದರು: “ಸುಳ್ಳೇನು ಬಂತು? ಕೋಳಿಗೂ ಆಯ್ತದೆ, ಅವನಿಗೂ ಆಯ್ತದೆ. ಕೋಳಿಗೆ ಆಳೆತ್ತರ ಬಾಗಿಲು ಯಾರಿಡ್ತಾರೆ? ಊರೆಲ್ಲ ಹಂಗೇ ಅಂದ್ಕೊಂಡವ್ರೆ, ಹೋಗಿ ಕೇಳು.” ಹೋಗಿ ಕೇಳಿದೆ. ನಿಜವಾಗಿಯೂ ಊರೆಲ್ಲ ಹಾಗೇ ಅಂದುಕೊಂಡಿದೆ. ನಾನು ಕಾಲು ಕಟ್ಟಿಕೊಂಡು ಕುಂಟಿದ್ದನ್ನು ನೋಡಿ ನಕ್ಕವರೂ ಅದನ್ನೇ ಅಂದುಕೊಂಡಿದ್ದರು. ಗಂಡನನ್ನು ಹಿತ್ತಲಿಗೆ ಹಾಕಲು ಎಷ್ಟು ಮುತುವರ್ಜಿ ನೋಡು ಇವಳಿಗೆ ಅಂತ. ನನ್ನ ಮುಖಕ್ಕೆ ಯಾರೂ ಹೇಳಿರಲಿಲ್ಲ, ಅಷ್ಟೆ.

ನಿಮ್ಮಣ್ಣನ ವಿಷಯದಲ್ಲಿ ನೀವು ಒಂದು ಗಳಿಗೆಯಲ್ಲಿ ಕಂಡದ್ದನ್ನು ನಾನು ಕಟ್ಟಡ ಮುಗಿಯುವವರೆಗೂ ಕಾಣಲಿಲ್ಲ. ಒಪ್ಪಿದೆ. ಆದರೆ ನನ್ನ ವಿಷಯದಲ್ಲಿ? ಊರು ಅಂದುಕೊಳ್ಳಲಿ, ಭಾವ ಹೇಳಲಿ, ನೀವು ಹೇಗೆ ನಂಬಿದಿರಿ? ಆಸ್ಪತ್ರೆಯಲ್ಲಿ ನಿಮ್ಮ ಮಂಚದ ಕೆಳಗೆ ಚಾಪೆ ಹಾಸಿಕೊಂಡು ಮಲಗಿದವಳು ನಾನಲ್ಲವೇ? ತೆಗೆದ ಕಾಲು ತುರಿಸುತ್ತದೆ ಅಂತ ನೀವು ಅತ್ತಾಗ, ಇಲ್ಲದ ಜಾಗದಲ್ಲಿ ಹಾಸಿಗೆಯನ್ನು ಕೆರೆದವಳು ನಾನಲ್ಲವೇ? ಸಾಯಂಕಾಲದ ಬಸ್ಸಿನವರೆಗೆ ಕೂತು, ನನ್ನ ಮುಖ ನೋಡಿ, ಏನೇ ಇದು ಅಂತ ಒಂದು ಮಾತು ಕೇಳಿ, ಆಮೇಲೆ ಹೋಗಬಹುದಿತ್ತು. ಹೊಡೆದು ಹೋಗಿದ್ದರೂ ನನಗೆ ಇಷ್ಟು ನೋವಾಗುತ್ತಿರಲಿಲ್ಲ.

ಜೋರಾಯಿತು. ಮೊದಲೇ ಹೇಳಿದ್ದೆ.

ಈಗ ಕೇಳಿ. ಬಿಳಿ ಕೋಳಿಗಳು ಕೋಳಿಮನೆಯಲ್ಲಿ ಆರಾಮಾಗಿವೆ. ಅತ್ತೆಯೂ ಚೆನ್ನಾಗಿದ್ದಾರೆ. ಕಟ್ಟಡವನ್ನು ಕೆಡವೋಣ ಅಂತ ಗುದ್ದಲಿ ಹಿಡಿದು ಹೋಗಿದ್ದೆ, ಕೈ ಬರಲಿಲ್ಲ. ನಿಮಗೆ ಆ ಜಾಗ ಬೇಡವೆಂದರೆ ಬೇಡ. ಬೇರೆ ಕಡೆ ಕಟ್ಟೋಣ, ಈ ಊರೇ ಬೇಡವೆಂದರೆ ಚಿಂತಾಮಣಿಯಲ್ಲೋ ಮುರುಗಮಲ್ಲದಲ್ಲೋ ಒಂದು ಹಿತ್ತಲು ಹಿಡಿಯೋಣ. ಹೇಗೆ ಕಟ್ಟಬೇಕು ಅಂತ ಈಗ ನನಗೆ ಗೊತ್ತಿದೆ. ನೀವಿಲ್ಲದೆ ಕಟ್ಟುವುದಿಲ್ಲ. ನನ್ನನ್ನು ಬೈಯುವುದಿದ್ದರೆ ಎದುರಿಗೆ ಬಂದು ಬೈಯಿರಿ, ಎಲ್ಲೋ ಸ್ಟೇಷನ್ನಿನ ಬೆಂಚಿನ ಮೇಲೆ ಕೂತು ಮನಸ್ಸಿನಲ್ಲೇ ಬೈಯಬೇಡಿ. ಹೊತ್ತುಹೊತ್ತಿಗೆ ಏನು ತಿನ್ನುತ್ತಿದ್ದೀರೋ, ಕಾಲಿನ ತುದಿಗೆ ಎಣ್ಣೆ ಯಾರು ಹಚ್ಚುತ್ತಾರೋ.

ಕಾಯುತ್ತಾ ಇರುವ, ಕೋಪ ಇಳಿಯದ,
ನಿಮ್ಮ ಕದಿರಮ್ಮ

ಮತ್ತೆ ಬರೆದದ್ದು: ಮೇಲೆ ಒಂದು ಸುಳ್ಳು ಬರೆದಿದ್ದೇನೆ. ಕಾಗದ ಅಂಟಿಸುವ ಮೊದಲು ಅದನ್ನು ಹೇಳಿಬಿಡುತ್ತೇನೆ, ಆಮೇಲೆ ನೀವು ನನ್ನ ಬೇರೆ ಮಾತನ್ನೂ ನಂಬದೆ ಹೋದರೆ ಕಷ್ಟ. ಕೋಳಿಗಳು ಕೋಳಿಮನೆಯಲ್ಲಿಲ್ಲ, ಅಡಿಗೆಮನೆಯ ಮೂಲೆಯಲ್ಲಿ ಮಂಕರಿ ಮುಚ್ಚಿಕೊಂಡು ಇವೆ. ಕೋಳಿಮನೆಯಲ್ಲಿ ಅತ್ತೆ ಇದ್ದಾರೆ. ಮಂಗಳವಾರ ಸಂಜೆ ಚಾಪೆ ಸುತ್ತಿಕೊಂಡು ಹೋದವರು ಆಚೆ ಬಂದಿಲ್ಲ. ಭಾವ ಸುಳ್ಳು ಹೇಳುವಾಗ ಅತ್ತೆ ಅಲ್ಲೇ ಇದ್ದರಂತೆ. ಸುಳ್ಳು ಅಂತ ಅವರಿಗೆ ಗೊತ್ತಿತ್ತು, ನಾನು ಏನಕ್ಕೆ ಕಟ್ಟಿಸುತ್ತಿದ್ದೇನೆ ಅಂತ ದಿನಾ ನೋಡಿದವರು ಅವರು. ದೊಡ್ಡ ಮಗನ ಅನ್ನ ತಿನ್ನುತ್ತೇನೆ ಅಂತ ಬಾಯಿ ತೆರೆಯಲಿಲ್ಲವಂತೆ. “ಸುಮ್ನೆ ನಿಂತಿದ್ದೆ ಕಣೇ ನಾನು. ನನ್ ಮಗ ನನ್ ಮುಖ ನೋಡ್ದ, ಆಗ್ಲೂ ಸುಮ್ನಿದ್ದೆ” ಅಂತ ಗೋಡೆ ಕಡೆ ತಿರುಗಿ ಮಲಗಿದ್ದಾರೆ. ನೆನ್ನೆಯಿಂದ ಜ್ವರ. ಗಂಜಿ ಮುಟ್ಟಿಲ್ಲ. ಭಾವ ಒಂದು ಸಲವೂ ಹಿತ್ತಲಿಗೆ ಬಂದಿಲ್ಲ. ನನ್ನನ್ನು ನೀವು ನಂಬದಿದ್ದರೂ ಪರವಾಗಿಲ್ಲ, ನಿಮ್ಮ ತಾಯಿಯನ್ನು ಮನೆಯೊಳಗೆ ಕರೆದುಕೊಂಡು ಹೋಗುವುದಕ್ಕಾದರೂ ಬನ್ನಿ. ನಾನು ಕರೆದರೆ ಅವರು ಏಳುತ್ತಿಲ್ಲ.